ಒನ್ ಬೈ ಟೂ ಕಾಫಿಯ ಕ್ರಿಮಿನಲ್ ಕೇಸು

ಕಗ್ಗದಾಸಪುರದ ಮೂರನೇ ಅಡ್ಡರಸ್ತೆಯಲ್ಲಿ ಅಪರಾಧಿಗಳು ಯಾರೂ ಇರಲಿಲ್ಲ. ಹಯಗ್ರೀವರು ಮೂರು ಭಾನುವಾರ ಕಾನೂನು ಕಲಿತು ಬಂದ ಮೇಲೆ ಎಲ್ಲರೂ ಅಪರಾಧಿಗಳಾದರು.

ಕಾನೂನು ಕಲಿತರು ಎಂದರೆ ಅವರೇನೂ ಕರಿಕೋಟು ಹೊಲಿಸಿಕೊಳ್ಳಲಿಲ್ಲ. ಬಿಮಾ ಕಚೇರಿಯಲ್ಲಿ ಮೂವತ್ತಮೂರು ವರ್ಷ ಕ್ಲೇಮು ಫಾರಂಗಳ ಮೇಲೆ ‘ಪರಿಶೀಲಿಸಲಾಗಿದೆ’ ಎಂದು ಬರೆದೂ ಬರೆದೂ ನಿವೃತ್ತರಾದವರಿಗೆ, ಪರಿಶೀಲಿಸಲು ಏನೂ ಸಿಗದೆ ಕೈ ಕಡಿಯುತ್ತಿತ್ತು. ಅಷ್ಟರಲ್ಲಿ ಬಿಮಾ ಕಾಲೊನಿಯ ಸಮುದಾಯ ಭವನದಲ್ಲಿ ‘ಸಾಮಾನ್ಯರಿಗಾಗಿ ಅಪರಾಧ ಕಾನೂನು’ ಎಂಬ ಉಚಿತ ತರಗತಿ ಶುರುವಾಯಿತು. ಭಾಗ್ಯಲಕ್ಷ್ಮಿ ಎಂಬ ವಕೀಲೆ ಪಾಠ ಹೇಳಿದರು. ಕೊನೆಯ ದಿನ ಎಲ್ಲರಿಗೂ ಒಂದು ಸರ್ಟಿಫಿಕೇಟು, ಒಂದು ಬಾದುಷಾ ಕೊಟ್ಟರು. ಬಾದುಷಾ ಅಲ್ಲೇ ಮುಗಿಯಿತು. ಸರ್ಟಿಫಿಕೇಟು ಲ್ಯಾಮಿನೇಶನ್ ಆಗಿ ಹಯಗ್ರೀವರ ಮುಂಬಾಗಿಲಲ್ಲಿ ದೃಷ್ಟಿಗೊಂಬೆಯ ಪಕ್ಕ ತೂಗಿತು.

ಭಾಗ್ಯಲಕ್ಷ್ಮಿ ಮೇಡಂ ಹೇಳಿದ್ದು ಬಹಳ ಸರಳ. ಯಾವ ಅಪರಾಧ ಎದುರಾದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತಾವಾಗಿಯೇ ಕೈಹಾಕಬಹುದೆ? ಹೌದಾದರೆ ಅದು ಸಂಜ್ಞೇಯ, ಇಲ್ಲದಿದ್ದರೆ ಅಸಂಜ್ಞೇಯ. ಜಾಮೀನು ಕೇಳಿದ ಕೂಡಲೇ ಹಕ್ಕಿನಂತೆ ಸಿಗುತ್ತದೆಯೆ, ಇಲ್ಲ ನ್ಯಾಯಾಧೀಶರ ಮರ್ಜಿಯೆ? ಇನ್ನು ಕೊನೆಯದಾಗಿ, ನೊಂದವರು ಮನಸ್ಸು ಮಾಡಿದರೆ ರಾಜಿಯಾಗಿ ಮುಗಿಸಬಹುದೆ? ಇಷ್ಟು ಗೊತ್ತಿದ್ದರೆ ಸಾಮಾನ್ಯ ಮನುಷ್ಯ ಯಾರಿಗೂ ಹೆದರಬೇಕಾಗಿಲ್ಲ ಅಂದರು ಮೇಡಂ. ಆ ಸಾಮಾನ್ಯ ಮನುಷ್ಯನ ಅಕ್ಕಪಕ್ಕದವರು ಹೆದರಬೇಕಾಗುತ್ತದೆ ಎಂಬುದನ್ನು ಹೇಳಲು ಮರೆತರು.

ಪಕ್ಕದ ಮನೆಯ ಅಂಜಿನಮ್ಮ ಮಹಡಿಯಿಂದ ಒದ್ದೆ ಸೀರೆ ಇಳಿಬಿಟ್ಟರೆ, ಹಯಗ್ರೀವರು ಕೆಳಗೆ ನಿಂತು ತಲೆ ಒರೆಸಿಕೊಳ್ಳುತ್ತ, “ಸಾರ್ವಜನಿಕ ಉಪದ್ರವ, ಅಂಜಿನಮ್ಮ! ಅಸಂಜ್ಞೇಯ. ಜಾಮೀನು ಸಿಗತ್ತೆ, ಹೆದರ್ಬೇಡಿ” ಎನ್ನುವರು.

“ಅದೇನ್ ಸಿಗ್ತೈತೋ ನಂಗೊತ್ತಿಲ್ಲ ಸಾಮಿ. ನೀವು ಒಸಿ ಆಕಡೆ ನಿಂತ್ಕೊಂಡ್ರೆ ಆಯ್ತು,” ಎಂದು ಅಂಜಿನಮ್ಮ ಇನ್ನೊಂದು ಸೀರೆ ಬಿಡುವಳು.

ಹೆಂಡತಿ ಸೀತಾಲಕ್ಷ್ಮಿ, ಡಾಕ್ಟರು ಬೇಡವೆಂದ ಚಕ್ಕುಲಿಯನ್ನು ಗಂಡನ ಕೈಯಿಂದ ಕಿತ್ತುಕೊಂಡ ದಿನ, “ಇದು ಸುಲಿಗೆ ಕಣೇ. ಜಾಮೀನೂ ಸುಲಭಕ್ಕೆ ಸಿಗಲ್ಲ, ಒಳಗೇ ಇರ್ಬೇಕಾಗತ್ತೆ” ಎಂದರು.

“ಇರ್ತೀನಿ ಬಿಡಿ. ಅಲ್ಲಾದ್ರೂ ಯಾರಾದ್ರೂ ಮಾಡಿ ಹಾಕ್ತಾರೆ,” ಎಂದು ಸೀತಾಲಕ್ಷ್ಮಿ ಚಕ್ಕುಲಿಯ ಡಬ್ಬ ಸಮೇತ ಅಡುಗೆಮನೆಗೆ ಹೋದರು.

ಈ ಎಲ್ಲ ಜ್ಞಾನವನ್ನೂ ಮುಖ ಸಿಂಡರಿಸದೆ ಕೇಳುತ್ತಿದ್ದವರು ಒಬ್ಬರೇ, ಎದುರುಮನೆಯ ಆದಿನಾರಾಯಣಪ್ಪ. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಇದ್ದ ಮನೆಯವರು. ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಹಯಗ್ರೀವರ ಗೃಹಪ್ರವೇಶದ ದಿನ ನಲ್ಲಿಯಲ್ಲಿ ನೀರು ಬಾರದೆ ಪುರೋಹಿತರು ಕೈಕಟ್ಟಿ ಕೂತಾಗ, ಪರಿಚಯವೇ ಇಲ್ಲದವರ ಮನೆಗೆ ತಮ್ಮ ಬಾವಿಯಿಂದ ಹದಿನೆಂಟು ಕೊಡ ನೀರು ಹೊತ್ತು ತಂದಿದ್ದರು. ಅಂದಿನಿಂದ ಇಪ್ಪತ್ತೆಂಟು ವರ್ಷ, ದಿನಾ ಬೆಳಿಗ್ಗೆ ಆರೂವರೆಗೆ ಇಬ್ಬರೂ ರೈಲ್ವೆ ಗೇಟಿನ ಹತ್ತಿರ ಜಗದೀಶನ ಹೋಟೆಲಿನ ಮುಂದೆ ನಿಂತು ಒನ್ ಬೈ ಟೂ ಕುಡಿಯುತ್ತಿದ್ದರು. ಒಂದು ಕಾಫಿ, ಎರಡು ಲೋಟ. ತಲೆಗೊಂದು ಪೂರ್ತಿ ಕಾಫಿ ಕುಡಿಯಲಾರದವರೇನಲ್ಲ. ಆದರೆ ಅದರಲ್ಲಿ ಏನು ಮಜಾ, ನೀವೇ ಹೇಳಿ.

“ಇವತ್ತೇನ್ ಪಾಠ ಗುರು?” ಎಂದು ಆದಿನಾರಾಯಣಪ್ಪ ಲೋಟ ಊದುತ್ತ ಕೇಳುವರು.

“ತಪ್ಪೊಪ್ಪಿಗೆ ಕಣೋ ಆದಿ. ಪೊಲೀಸ್ನೋರ ಮುಂದೆ ತಪ್ಪಾಯ್ತು ಅಂದ್ರೆ ಲೆಕ್ಕಕ್ಕಿಲ್ಲ. ಮ್ಯಾಜಿಸ್ಟ್ರೇಟ್ ಮುಂದೇನೇ ಹೇಳ್ಬೇಕು.”

“ಹೌದಾ! ಅದ್ ಚೆಂದಾಗೈತೆ ಬಿಡು,” ಎನ್ನುವರು ಆದಿನಾರಾಯಣಪ್ಪ. ಅಷ್ಟು ಸಾಕಿತ್ತು ಹಯಗ್ರೀವರಿಗೆ ಆ ದಿನ ಕಳೆಯಲು.

ಹೀಗಿರುವಾಗ ಆದಿನಾರಾಯಣಪ್ಪನವರ ಮಂಡಿ ಕೈಕೊಟ್ಟಿತು. ಹೆಂಡತಿ ಶಾಂತಕುಮಾರಿ ತೀರಿಕೊಂಡು ಮೂರು ವರ್ಷವಾಗಿತ್ತು. ಕೆ.ಆರ್.ಪುರದಲ್ಲಿ ಶಾಲೆಯ ಟೀಚರ್ ಆಗಿದ್ದ ಮಗಳು ಯಮುನಾ ಬಂದು, “ಒಂದ್ವಾರ ಬಂದು ಇದ್ ನೋಡಪ್ಪ. ಹಿಡಿಸ್ದಿದ್ರೆ ವಾಪಸ್ ಬಂದ್ರಾಯ್ತು” ಎಂದಳು. ಆದಿನಾರಾಯಣಪ್ಪ ಹೂಂ ಅಂದರು. ಒಂದು ಭಾನುವಾರ ಬೆಳಿಗ್ಗೆ ಮನೆ ಮುಂದೆ ಟೆಂಪೋ ಬಂತು.

ಹಯಗ್ರೀವರು ತಮ್ಮ ಗೇಟಿನಲ್ಲೇ ನಿಂತು ನೋಡಿದರು. ಮೊದಲು ಒಂದು ಸೂಟ್‌ಕೇಸು ಬಂತು. ಸರಿ, ಒಂದು ವಾರಕ್ಕೆ ಸೂಟ್‌ಕೇಸು ಬೇಕಲ್ಲ. ಆಮೇಲೆ ಟೇಬಲ್ ಫ್ಯಾನು ಬಂತು. ಸೆಕೆ ಇರಬಹುದು. ಆಮೇಲೆ ಶಾಂತಕುಮಾರಿಯ ಫೋಟೋ. ಹಯಗ್ರೀವರು ಗೇಟಿನ ಚಿಲಕಕ್ಕೆ ಕೈಹಾಕಿದರು. ಅದರ ಹಿಂದೆಯೇ ನಾಲ್ಕು ಜನ ಏದುಸಿರು ಬಿಡುತ್ತ ತೇಗದ ಮಂಚ ಹೊತ್ತು ತಂದರು.

ಆ ಮಂಚ ಟೆಂಪೋ ಹತ್ತಿತೋ ಇಲ್ಲವೋ, ಹಯಗ್ರೀವರು ಬಾಗಿಲಿನ ಸರ್ಟಿಫಿಕೇಟು ಕಿತ್ತು ಎದೆಗವಚಿಕೊಂಡು ಓಡಿಹೋಗಿ ಟೆಂಪೋದ ಮುಂದೆ ಅಡ್ಡ ನಿಂತರು.

“ನಿಲ್ಸಿ! ಇದು ಅಪಹರಣ!”

ಡ್ರೈವರ್ ಪಿಳ್ಳಪ್ಪ ಗಾಬರಿಯಿಂದ ಇಂಜಿನ್ ಆಫ್ ಮಾಡಿದ. “ಯಾರನ್ ಸಾರ್? ನಾನ್ ಬರೀ ಮಂಚ ಹಾಕ್ಕೊಂಡಿರೋದು!”

“ಬಲವಂತದಿಂದ್ಲೋ ಮೋಸದ ಮಾತಿಂದ್ಲೋ ಒಬ್ರನ್ನ ಇದ್ದ ಜಾಗದಿಂದ ಕರ್ಕೊಂಡ್ ಹೋದ್ರೆ ಅದು ಅಪಹರಣ. ಏನಮ್ಮಾ ಯಮುನಾ, ಒಂದ್ವಾರ ಅಂದೆ. ಒಂದ್ವಾರಕ್ಕೆ ಮಂಚ ಯಾಕೆ? ಉತ್ತರ ಕೊಡು!”

ಅಂಜಿನಮ್ಮ ಮಹಡಿಯಿಂದ ಬಗ್ಗಿದಳು. ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟ. ಆ ಮಂಚದ ಅರ್ಥ ಇಡೀ ರಸ್ತೆಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳದೆ ಹೇಗೋ ಸುಸೂತ್ರವಾಗಿ ನಡೆಯುತ್ತಿದ್ದ ಕೆಲಸ ಅದು. ಯಮುನಾ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಹಯಗ್ರೀವರು ಮಾತ್ರ ಅರ್ಧ ಗಂಟೆ ಟೆಂಪೋ ಮುಂದಿನಿಂದ ಕದಲದೆ ಅಪಹರಣದ ಶಿಕ್ಷೆ, ಜಾಮೀನು, ಸಾಕ್ಷಿ ಎಲ್ಲವನ್ನೂ ವಿವರಿಸಿದರು. ಹೇಳಬೇಕೆಂದು ಓಡಿಬಂದದ್ದು ‘ಹೋಗ್ಬೇಡ ಕಣೋ’ ಎಂಬ ಎರಡೇ ಮಾತು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದರು.

ಕೊನೆಗೆ ಆದಿನಾರಾಯಣಪ್ಪ ಕೋಲೂರಿಕೊಂಡು ಬಂದರು. “ನಡುಬೀದೀಲಿ ನನ್ ಮಗಳನ್ನ ಕಳ್ಳಿ ಮಾಡ್ಬಿಟ್ಟೆಯಲ್ಲೋ. ಇನ್ಮೇಲೆ ನಿನ್ ಮುಖ ತೋರಿಸ್ಬೇಡ ನಂಗೆ. ಪಿಳ್ಳಪ್ಪ, ನೀನ್ ಹೊರಡಪ್ಪ.”

ಟೆಂಪೋ ಹೋಯಿತು. ಹಯಗ್ರೀವರು ಸರ್ಟಿಫಿಕೇಟು ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದರು. ಹಿಂದಿನಿಂದ ಬಂದ ನೀರಿನ ಟ್ಯಾಂಕರಿನವನು ಹಾರನ್ ಹೊಡೆದ ಮೇಲೆ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಆರೂವರೆಗೆ ಅಭ್ಯಾಸಬಲದಿಂದ ಜಗದೀಶನ ಹೋಟೆಲಿಗೆ ಹೋಗಿ, “ಒನ್ ಬೈ ಟೂ” ಅಂದರು.

“ಒಬ್ರೇ ಬಂದಿದೀರಲ್ಲ ಸಾರ್. ಹಾಫ್ ಕಾಫಿ ಕೊಡ್ಲಾ?” ಎಂದ ಜಗದೀಶ.

“ಹಾಫ್ ಬೇಡಪ್ಪ. ಒನ್ ಬೈ ಟೂ ಕೊಡು.”

“ಇನ್ನೊಂದ್ ಲೋಟ ಯಾರಿಗೆ?”

“ಬರ್ತಾರೆ.”

ಇನ್ನೊಂದು ಲೋಟ ಕಟ್ಟೆಯ ಮೇಲೆ ಕೆನೆ ಕಟ್ಟಿಕೊಂಡು ತಣ್ಣಗಾಯಿತು. ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಜಗದೀಶ ಏನೂ ಕೇಳದೆ ಎರಡು ಲೋಟ ಇಟ್ಟ. ಅವನು ಕೇಳದೆ ಇದ್ದದ್ದನ್ನೇ ಹಯಗ್ರೀವರಿಗೆ ತಡೆಯಲಾಗಲಿಲ್ಲ. ಅಲ್ಲಿಂದಾಚೆ ಬೆಳಿಗ್ಗೆ ಎದ್ದು, ಚಪ್ಪಲಿ ಮೆಟ್ಟಿ, ರಸ್ತೆಯ ತಿರುವಿನವರೆಗೆ ಹೋಗಿ, ಕಾಲು ಮುಂದೆ ಬರದೆ ವಾಪಸು ಬರುತ್ತಿದ್ದರು. ಮೂರು ತಿಂಗಳು ಇದೇ ಆಯಿತು.

“ಫೋನ್ ಮಾಡಿ ತಪ್ಪಾಯ್ತು ಅನ್ರೀ,” ಎಂದರು ಸೀತಾಲಕ್ಷ್ಮಿ.

“ಎಷ್ಟ್ ಸಲ ಮಾಡ್ಲಿ? ಎತ್ತಲ್ಲ ಅವನು.”

“ಹಾಗಾದ್ರೆ ಮನೆಗೇ ಹೋಗಿ. ಕೆ.ಆರ್.ಪುರ ಏನು ಕಾಶಿನಾ?”

“ಮುಖ ತೋರಿಸ್ಬೇಡ ಅಂದಿದಾನೆ. ಹೋದ್ರೆ ಅತಿಕ್ರಮ ಪ್ರವೇಶ ಆಗತ್ತೆ.”

ಸೀತಾಲಕ್ಷ್ಮಿ ಹಣೆ ಚಚ್ಚಿಕೊಂಡರು. ಆದರೆ ಹಯಗ್ರೀವರ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತು. ತಾವು ಕರೆದರೆ ಆದಿ ಬರುವುದಿಲ್ಲ ನಿಜ. ಪೊಲೀಸರು ಕರೆದರೆ? ದೂರು ಅಂತ ಒಂದು ಕೊಟ್ಟರೆ ಠಾಣೆಯವರು ಇಬ್ಬರನ್ನೂ ಕರೆಸಿ ಒಂದೇ ಬೆಂಚಿನ ಮೇಲೆ ಕೂರಿಸುತ್ತಾರೆ. ಆದಿಯ ಪಕ್ಕ ಹತ್ತು ನಿಮಿಷ ಕೂತರೆ ಸಾಕು.

ಅಂದಿನಿಂದ ಅವರು ನೋಟ್‌ಬುಕ್ಕು ಹಿಡಿದು, ಗೆಳೆಯನಿಗೆ ಹೊಂದುವ ಅಪರಾಧ ಹುಡುಕತೊಡಗಿದರು. ಮಗಳಿಗೆ ವರ ನೋಡಿದ ಹಾಗೆ ನೋಡಿದರು. ಮಾನನಷ್ಟ ಚೆನ್ನಾಗಿತ್ತು. ಆದರೆ ಅಸಂಜ್ಞೇಯ, ಪೊಲೀಸರು ಬರೆದುಕೊಂಡು ಕೋರ್ಟಿಗೆ ಹೋಗಿ ಅಂತಾರೆ. ಕಳ್ಳತನ ಅಂದರೆ, ಹಯಗ್ರೀವರ ಕೊಡೆಯೊಂದು ಆದಿಯ ಹತ್ತಿರವೇ ಉಳಿದಿತ್ತು. ಆದರೆ ಹೊಸ ಕಾನೂನಿನಲ್ಲಿ ಅಷ್ಟು ಸಣ್ಣ ಕಳ್ಳತನಕ್ಕೆ ಪೊಲೀಸರು ತಾವಾಗಿ ಬರುವುದಿಲ್ಲ. ಸುಲಿಗೆಗೆ ಓಡಿಬರುತ್ತಾರೆ, ಆದರೆ ಆದಿ ಒಳಗೆ ಕೂರಬೇಕಾಗುತ್ತದೆ, ಮಂಡಿ ಬೇರೆ ಸರಿಯಿಲ್ಲ. ಪೊಲೀಸರು ಕರೆಸಬೇಕು, ಜಾಮೀನು ಸಿಗಬೇಕು, ರಾಜಿಯಾಗಬೇಕು. ಮೂರೂ ಗುಣ ಕೂಡಿಬಂದ ಅಪರಾಧ ಎಂಟನೆಯ ದಿನ ಸಿಕ್ಕಿತು. ಅಕ್ರಮ ತಡೆ. ಒಬ್ಬ ಮನುಷ್ಯನಿಗೆ ಯಾವ ದಿಕ್ಕಿಗೆ ಹೋಗಲು ಹಕ್ಕಿದೆಯೋ ಆ ದಿಕ್ಕಿಗೆ ಹೋಗದಂತೆ ಬೇಕೆಂದೇ ಅಡ್ಡಿಪಡಿಸುವುದು. ಓದಿ ಹಯಗ್ರೀವರಿಗೆ ಕಣ್ಣಲ್ಲಿ ನೀರು ಬಂತು, ಅಷ್ಟು ಸರಿಯಾಗಿತ್ತು.

ಠಾಣೆಯಲ್ಲಿ ಎ.ಎಸ್.ಐ. ಬೈಲಪ್ಪ ಇದ್ದರು. ನಿವೃತ್ತಿಗೆ ಏಳು ತಿಂಗಳಿದ್ದ, ಯಾವ ದೂರಿಗೂ ಅಚ್ಚರಿಪಡದ ಮನುಷ್ಯ. ಪಕ್ಕದಲ್ಲಿ ಕಾನ್‌ಸ್ಟೇಬಲ್ ಗುಲ್ಷನ್ ಪೆನ್ನು ಹಿಡಿದು ಕೂತಿದ್ದಳು.

“ಎಲ್ಲಿಗೆ ಹೋಗೋಕೆ ಬಿಡ್ಲಿಲ್ಲ ಸ್ವಾಮಿ ನಿಮ್ಮನ್ನ?” ಎಂದರು ಬೈಲಪ್ಪ.

“ಜಗದೀಶನ ಹೋಟೆಲಿಗೆ. ಮೂರು ತಿಂಗಳಿಂದ. ತಿರುವಿನವರ್ಗೂ ಹೋಗ್ತೀನಿ, ಮುಂದಕ್ಕೆ ಹೋಗೋಕಾಗಲ್ಲ.”

“ಯಾರು ಅಡ್ಡ ನಿಂತಿರ್ತಾರೆ ಅಲ್ಲಿ?”

“ಯಾರೂ ನಿಂತಿರಲ್ಲ ಸಾರ್. ಅದೇ ಅಡ್ಡಿ.”

ಗುಲ್ಷನ್ ಪೆನ್ನು ಎತ್ತಿದಳು. “ಅಂಕಲ್, ಇದನ್ನ ಹೆಂಗ್ ಬರೀಲಿ?”

“ಹೇಳಿದ್ ಹಾಗೇ ಬರಿ ಮಗು. ಆರೋಪಿ ಆದಿನಾರಾಯಣಪ್ಪ ದಿನಾ ಆರೂವರೆಗೆ ಅಲ್ಲಿ ಇರ್ಬೇಕಾಗಿತ್ತು. ಬೇಕೂ ಅಂತ ಇಲ್ಲ. ಆದ್ದರಿಂದ ನಾನು ಹೋಗೋಕಾಗ್ತಿಲ್ಲ.”

ಬೈಲಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟರು. “ಅವರು ಯಾಕ್ ಹೋದ್ರು? ಮೊದಲಿಂದ ಹೇಳಿ.”

ಹಯಗ್ರೀವರು ತಂದಿದ್ದ ಫೈಲು ಬಿಚ್ಚಿ ಮೊದಲಿನಿಂದ ಹೇಳಿದರು. ಸೂಟ್‌ಕೇಸು, ಫ್ಯಾನು, ಫೋಟೋ, ಮಂಚ, ಟೆಂಪೋ, ಒಂದನ್ನೂ ಬಿಡಲಿಲ್ಲ. ಬಿಮಾ ಕಚೇರಿಯ ಶಿಸ್ತು.

“ಒಂದ್ನಿಮಿಷ,” ಎಂದರು ಬೈಲಪ್ಪ. “ಟೆಂಪೋ ಮುಂದೆ ಅಡ್ಡ ನಿಂತೋರು ಯಾರು?”

ಹಯಗ್ರೀವರು ಫೈಲು ಮುಚ್ಚಿದರು. “ನಾನು.”

“ಎಷ್ಟೊತ್ತು?”

“ಒಂದರ್ಧ ಗಂಟೆ.”

“ಗುಲ್ಷನ್,” ಎಂದರು ಬೈಲಪ್ಪ ನಿಧಾನವಾಗಿ, “ಮೇಲಿರೋ ಹೆಸರು ಕೆಳಗೆ ಹಾಕು, ಕೆಳಗಿರೋದು ಮೇಲೆ ಹಾಕಮ್ಮ.”

ಇನ್ನೊಬ್ಬರಾಗಿದ್ದರೆ ಅಲ್ಲೇ ಬೆವರುತ್ತಿದ್ದರು. ಹಯಗ್ರೀವರು ಕೇಳಿದ್ದು ಒಂದೇ: “ಹಾಗಾದ್ರೂ ಅವನನ್ನ ಕರೆಸ್ತೀರಿ ತಾನೆ?”

“ಕರೆಸ್ಲೇಬೇಕಲ್ಲ ಸ್ವಾಮಿ. ಈಗ ಅವರೇ ನೊಂದೋರು.”

“ಹಾಗಾದ್ರೆ ಪರವಾಗಿಲ್ಲ,” ಎಂದು ಹಯಗ್ರೀವರು ಸಂತೋಷದಿಂದ ಆರೋಪಿಯ ಜಾಗದಲ್ಲಿ ಸಹಿ ಹಾಕಿದರು.

ಸುದ್ದಿ ಅವರಿಗಿಂತ ಮೊದಲು ಮನೆ ಸೇರಿತ್ತು. ಠಾಣೆಗೆ ಹೋದವರು ಫೈಲು ಹಿಡಿದಿದ್ದರು ಎಂದು ಇಸ್ತ್ರಿಯವನು ನೋಡಿದ್ದ. ಸಂಜೆಯ ಹೊತ್ತಿಗೆ ಅದು ದೊಡ್ಡ ಪ್ರಕರಣವೇ ಆಗಿ, ಹಯಗ್ರೀವರು ಬಿಮಾ ಕಚೇರಿಯಲ್ಲಿ ಬದುಕಿದ್ದವರಿಗೆಲ್ಲ ಸತ್ತರೆಂದು ಕ್ಲೇಮು ಕೊಟ್ಟಿದ್ದರಂತೆ ಎಂಬಲ್ಲಿಗೆ ಬಂದು ನಿಂತಿತ್ತು. ಅಂಜಿನಮ್ಮ ಮಾತ್ರ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಅಡುಗೆಮನೆಯ ಬಾಗಿಲಿಗೇ ಬಂದಳು.

“ಸೀತಮ್ಮ, ಇದು ನಮ್ ಮನೆ ಪತ್ರ. ಜಾಮೀನಿಗೆ ಬೇಕಾದ್ರೆ ಇಟ್ಕೊಳ್ಳಿ. ಸಾಮಿ ನಂಗೂ ಜಾಮೀನು ಸಿಗತ್ತೆ ಹೆದರ್ಬೇಡ ಅಂತ ಎಷ್ಟ್ ಸಲ ಧೈರ್ಯ ಹೇಳವ್ರೆ.”

ಸೀತಾಲಕ್ಷ್ಮಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅಂಜಿನಮ್ಮನಿಗೆ ಚಕ್ಕುಲಿ ಡಬ್ಬ ಕೊಟ್ಟು ಕಳಿಸಿದರು.

ವಿಚಾರಣೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಹಯಗ್ರೀವರು ಎಂಟೂವರೆಗೇ ಹೋಗಿ ಠಾಣೆಯ ಬೆಂಚಿನ ಒಂದು ತುದಿಯಲ್ಲಿ ಕೂತರು. ಪಕ್ಕದ ಜಾಗ ಯಾರೂ ಹಿಡಿಯದ ಹಾಗೆ ಟವೆಲು ಹಾಸಿದರು. ಮೊಬೈಲು ಕಳೆದುಕೊಂಡವನೊಬ್ಬ ಕೂರಲು ಬಂದ. “ಜನ ಇದಾರೆ,” ಎಂದು ಗದರಿದರು.

ಹತ್ತೂಕಾಲಿಗೆ ಒಂದು ಕಾರು ಬಂತು. ಯಮುನಾ ಇಳಿದು ಅಪ್ಪನ ಕಡೆಯ ಬಾಗಿಲು ತೆಗೆದಳು. ಆದಿನಾರಾಯಣಪ್ಪ ಇಳಿದರು. ಹಬ್ಬಕ್ಕೆಂದು ಎತ್ತಿಡುವ ಬಿಳಿ ಅಂಗಿ, ಗರಿಗರಿ ಇಸ್ತ್ರಿ, ಅಂದೇ ಮಾಡಿದ ಕ್ಷೌರ. ಮೈ ಸ್ವಲ್ಪ ಇಳಿದಿತ್ತು. ಅಂಗಿಯ ಕಾಲರ್ ಕತ್ತಿಗೆ ಸಡಿಲವಾಗಿತ್ತು. ಅದನ್ನು ನೋಡಿ ಹಯಗ್ರೀವರಿಗೆ ಮೂರು ತಿಂಗಳಿಂದ ಸಾಲಾಗಿ ಜೋಡಿಸಿಟ್ಟಿದ್ದ ವಾದವೆಲ್ಲ ಮರೆತುಹೋಯಿತು.

ಆದಿನಾರಾಯಣಪ್ಪ ಅವರ ಕಡೆ ನೋಡಲಿಲ್ಲ. ಆದರೆ ಟವೆಲು ಸರಿಸಿ ಅಲ್ಲೇ ಕೂತರು.

ಯಮುನಾ ನಿಂತೇ ಇದ್ದಳು. “ಸಾರ್, ಬೇಗ ಮುಗಿಸ್ಬಿಡಿ. ನಾನು ಸ್ಕೂಲಿಗೆ ಅರ್ಧ ದಿನ ರಜೆ ಹಾಕಿದೀನಿ. ಟಿನ್ ಫ್ಯಾಕ್ಟರಿ ಹತ್ರ ಟ್ರಾಫಿಕ್ಕಲ್ಲಿ ಒಂದ್ ಗಂಟೆ ನಿಂತ್ಬಿಟ್ವಿ. ಅದಕ್ಕೇ ಅಪ್ಪ ಕಗ್ಗದಾಸಪುರಕ್ಕೆ ಹೋಗ್ಬೇಕು ಅಂದಾಗ್ಲೆಲ್ಲ ಬೇಡ ಅಂತಿರೋದು ನಾನು. ಈ ಮಂಡೀಲಿ ಎರಡು ಬಸ್ ಹತ್ತಿ ಇಳಿದು, ಏನ್ ಕೆಲ್ಸ ಇದೆ ಇವ್ರಿಗೆ ಇಲ್ಲಿ?”

ಹಯಗ್ರೀವರು ತಟ್ಟನೆ ತಲೆ ಎತ್ತಿದರು. ಕಗ್ಗದಾಸಪುರಕ್ಕೆ ಹೋಗ್ಬೇಕು ಅಂದಾಗಲೆಲ್ಲ! ಆದಿನಾರಾಯಣಪ್ಪ ಗೋಡೆಯ ಮೇಲಿನ ಕಾಣೆಯಾದವರ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಬೈಲಪ್ಪ ಗಂಟಲು ಸರಿಮಾಡಿಕೊಂಡರು. “ನೋಡಿ ಆದಿನಾರಾಯಣಪ್ಪನೋರೆ. ಇವರು ನಿಮ್ಮ ಟೆಂಪೋ ತಡೆದಿದಾರೆ. ಒಪ್ಕೊಂಡೂ ಇದಾರೆ. ಜಾಮೀನಾಗೋ ಅಪರಾಧ, ದೊಡ್ಡದಲ್ಲ. ರಾಜಿ ಮಾಡ್ಕೊಬಹುದು. ಆದ್ರೆ ಆ ಹಕ್ಕು ತಡೆ ಅನುಭವಿಸಿದೋರಿಗೆ ಮಾತ್ರ. ಅಂದ್ರೆ ನಿಮಗೆ. ಏನಂತೀರಿ?”

ಹಯಗ್ರೀವರಿಗೆ ಇನ್ನು ತಡೆಯಲಾಗಲಿಲ್ಲ. “ತಪ್ಪಾಯ್ತು ಕಣೋ ಆದಿ. ಯಮುನಾ, ನಿನ್ನನ್ನ ಅಳಿಸ್ಬಿಟ್ಟೆ, ನಂದೇ ತಪ್ಪು ಕಣಮ್ಮ. ನೀನು ಹೋಗ್ಬೇಡ ಅಂತ ಹೇಳೋಕ್ ಬಂದಿದ್ದು ಕಣೋ ನಾನು. ಬಾಯಿಗೆ ಸೆಕ್ಷನ್ ಬಂದ್ಬಿಡ್ತು.”

ಯಮುನಾ ಕಣ್ಣೊರೆಸಿಕೊಂಡಳು. “ಹೋಗ್ಲಿ ಬಿಡಿ ಅಂಕಲ್,” ಎಂದಳು. ಗುಲ್ಷನ್ ಪೆನ್ನಿನ ಮುಚ್ಚಳ ಹಾಕಿದಳು. ಬೈಲಪ್ಪ ರಾಜಿ ಪತ್ರದ ಹಾಳೆಯನ್ನು ಆದಿನಾರಾಯಣಪ್ಪನ ಕಡೆ ತಳ್ಳಿದರು.

ಆದಿನಾರಾಯಣಪ್ಪ ಹಾಳೆ ನೋಡಿದರು, ಮಗಳನ್ನು ನೋಡಿದರು. ಮೂರು ತಿಂಗಳಲ್ಲಿ ಮೊದಲ ಸಲ ಹಯಗ್ರೀವರನ್ನು ನೋಡಿದರು.

“ನಾನ್ ಒಪ್ಪಲ್ಲ ಸಾರ್.”

“ಯಾಕ್ರೀ? ತಪ್ಪಾಯ್ತು ಅಂದ್ರಲ್ಲ!”

“ಪೊಲೀಸ್ನೋರ ಮುಂದೆ ಅಂದಿದ್ದು ಲೆಕ್ಕಕ್ಕಿಲ್ಲ ಸಾರ್. ಇವನೇ ಹೇಳ್ಕೊಟ್ಟಿರೋದು.”

“ಅಪ್ಪಾ!” ಎಂದಳು ಯಮುನಾ.

“ನೀ ಸುಮ್ಕಿರಮ್ಮ, ಇದು ಕಾನೂನು. ಡೇಟ್ ಕೊಡಿ ಸಾರ್. ಮುಂದಿನ ಸೋಮವಾರ ಕೊಡಿ. ಬೆಳಿಗ್ಗೆ ಬೇಗ ಕೊಟ್ರೆ ಒಳ್ಳೇದು, ಟ್ರಾಫಿಕ್ ಇರಲ್ಲ. ಪೊಲೀಸ್ ಕೆಲಸ ಅಂದ್ರೆ ಕರ್ಕೊಂಡ್ ಬರ್ಲೇಬೇಕಲ್ಲ ಮನೆಯೋರು.”

ಬೈಲಪ್ಪ ಮೂವತ್ತೆಂಟು ವರ್ಷ ಸರ್ವಿಸ್ ಮಾಡಿದವರು. ಆದಿನಾರಾಯಣಪ್ಪನ ಗರಿಗರಿ ಅಂಗಿ ನೋಡಿದರು, ಬೆಂಚಿನ ಮೇಲಿನ ಟವೆಲು ನೋಡಿದರು. ರಾಜಿ ಪತ್ರವನ್ನು ಮಡಚಿ ಡ್ರಾಯರಿಗೆ ಹಾಕಿದರು.

“ಸೋಮವಾರ, ಬೆಳಿಗ್ಗೆ ಆರೂವರೆ. ಇಷ್ಟ್ ಸಣ್ಣ ಕೇಸಿಗೆ ಇಲ್ಲಿ ಜಾಗ ಇಲ್ಲ. ಆ ಜಗದೀಶನ ಹೋಟೆಲಲ್ಲೇ ಹಾಜರಾಗಿ ಇಬ್ರೂ. ನೀವು ಕರ್ಕೊಂಡ್ ಬರ್ಬೇಕಮ್ಮ ಟೀಚರೆ, ತಪ್ಪಿಸೋ ಹಾಗಿಲ್ಲ. ಸ್ಕೂಲ್ ಹೊತ್ತಿಗೆ ಬಿಟ್ಕೊಡ್ತೀವಿ.”

ಯಮುನಾ ಒಮ್ಮೆ ಅಪ್ಪನನ್ನೂ ಒಮ್ಮೆ ಹಯಗ್ರೀವರನ್ನೂ ನೋಡಿ, “ಆಯ್ತು ಸಾರ್” ಎಂದಳು.

ಹೊರಡುವಾಗ ಹಯಗ್ರೀವರು ಮೇಜಿನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು. “ಸಾರ್, ಇಂಥ ಕೇಸು ಎಷ್ಟು ದಿನ ಎಳೆಯತ್ತೆ?”

“ನೊಂದೋರು ಹೀಗೇ ಹಟ ಹಿಡಿದ್ರೆ ನೀವಿಬ್ರೂ ಬದುಕಿರೋವರ್ಗೂ ಮುಗಿಯಲ್ಲ ಸ್ವಾಮಿ.”

“ಅಷ್ಟಾದ್ರೆ ಸಾಕು,” ಎಂದರು ಹಯಗ್ರೀವರು.